ಹಲಗೆಯ ಮೇಲಿಲ್ಲದ ದೀಪ

ಆಫೀಸಿನಲ್ಲಿ ಅವಳಿಗೆ ಕೊಕ್ಕೆ ಮೇಡಂ ಎಂದೇ ಹೆಸರು. ಎದುರಿಗೆ ಬರೀ ಮೇಡಂ, ಬೆನ್ನ ಹಿಂದೆ ಬರೀ ಕೊಕ್ಕೆ. ಅದರಲ್ಲಿ ಬೇಸರ ಪಡುವಂಥದ್ದೇನೂ ಇಲ್ಲ ಬಿಡಿ. ಮೊಸರಿನಲ್ಲಿ ಕಲ್ಲು ಹುಡುಕುವುದಕ್ಕೇ ಅವಳಿಗೆ ಸಂಬಳ. ಆಟಿಕೆ ತಯಾರಿಸುವ ಕಂಪನಿಯಲ್ಲಿ ಅವಳು ಪರೀಕ್ಷಕಿ. ಯಾವ ಹೊಸ ಆಟಿಕೆಯೇ ಆಗಲಿ, ಅಂಗಡಿಗೆ ಹೋಗುವ ಮೊದಲು ಅವಳ ಕೈಗೆ ಬರಬೇಕು. ಅವಳು ಅದನ್ನು ಎಳೆದು, ಎಸೆದು, ನೀರಿನಲ್ಲಿ ಅದ್ದಿ, ಅದರ ಮೇಲೆ ಕೂತು, ಕೊನೆಗೆ ಏನಾದರೊಂದು ಕೊಕ್ಕೆ ಹಾಕಿಯೇ ವಾಪಸು ಕಳಿಸುವಳು.

ಆ ವರ್ಷದ ಹೊಸ ಆಟಿಕೆಗೆ 'ಕಟ್ಟಾಟ' ಎಂದು ಹೆಸರಿಟ್ಟಿದ್ದರು. ಅರ್ಧ ಕೈಯಲ್ಲಿ ಕಟ್ಟುವ ಆಟ, ಅರ್ಧ ಟೀವಿಯಲ್ಲಿ ಆಡುವ ಆಟ. ಊಟದ ತಟ್ಟೆಗಿಂತ ಸ್ವಲ್ಪ ಅಗಲವಾದ ಚಪ್ಪಟೆ ಹಲಗೆ. ಅದರಿಂದ ಟೀವಿಗೆ ಒಂದು ಉದ್ದನೆಯ ವಯರು. ಹಲಗೆಯ ಮೇಲೆ ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸಿ ಮನೆ ಕಟ್ಟಿದರೆ ಟೀವಿಯೊಳಗೂ ಅದೇ ಮನೆ ಎದ್ದು ನಿಲ್ಲುತ್ತದೆ. ಪ್ರತಿ ಇಟ್ಟಿಗೆಯ ಹೊಟ್ಟೆಯಲ್ಲೂ ಸಾಸಿವೆಯಷ್ಟು ಚಿಪ್ ಇದೆ, ಎರಡು ಬೆರಳಿನಷ್ಟು ದೂರದಲ್ಲಿದ್ದರೂ ಹಲಗೆ ಅದನ್ನು ಗುರುತು ಹಿಡಿಯುತ್ತದೆ. ಟೀವಿಯ ಆ ಊರು ಯಾವಾಗಲೂ ಕತ್ತಲು. ಬೆರಳುದ್ದದ ಜನ ಅಲ್ಲಿ ತಡವರಿಸುತ್ತಾ ಓಡಾಡುತ್ತಿರುತ್ತಾರೆ. ಹಲಗೆಯ ಮೇಲೆ ದೀಪದ ಬಿಲ್ಲೆಯೊಂದನ್ನು ಇಟ್ಟರೆ ಅಷ್ಟು ಜಾಗ ಬೆಳಕಾಗುತ್ತದೆ; ಆ ಪುಟ್ಟ ಜನರೆಲ್ಲ ಓಡಿಬಂದು, ದೀಪದ ಸುತ್ತ ನಿಂತು, ತಲೆಯೆತ್ತಿ ನೋಡುತ್ತಾರೆ. ಬಿಲ್ಲೆ ಕೋಟಿನ ಗುಂಡಿಯಷ್ಟಿರುತ್ತದೆ. ಒಳಗೆ ಇಟ್ಟಿಗೆಯಲ್ಲಿದ್ದಂಥದೇ ಚಿಪ್, ಜೊತೆಗೆ ಗಡಿಯಾರಕ್ಕೆ ಹಾಕುವಂಥ ಚಪ್ಪಟೆ ಸೆಲ್ಲು. ಕೈಯಲ್ಲಿ ಹಿಡಿದರೂ ಮಿಣುಕುತ್ತದೆ.

ಆ ಬಿಲ್ಲೆಯ ಮೇಲೆ ಅವಳಿಗೆ ಮೊದಲಿನಿಂದಲೂ ಅನುಮಾನ. ಮುಚ್ಚಳ ಸಡಿಲ, ಸೆಲ್ಲು ಹೊರಗೆ ಬರುತ್ತದೆ ಎಂದು ಸಾಹೇಬರ ಮೇಜಿನ ಮೇಲೆಯೇ ಒಂದನ್ನು ಉಗುರಿನಿಂದ ಕಿತ್ತು ತೋರಿಸಿದ್ದಳು. ಕಾರ್ಖಾನೆಯಲ್ಲಿ ಅಂಟು ಹಾಕಿಸೋಣ ಬಿಡಿ ಎಂದಿದ್ದರು ಸಾಹೇಬರು. ಮುಚ್ಚಳ ಕಿತ್ತ ಆ ಬಿಲ್ಲೆಯನ್ನು ಅವಳು ತನ್ನ ತಗಡಿನ ಡಬ್ಬಿಗೆ ಹಾಕಿಕೊಂಡಳು. ಮುರಿದದ್ದು, ಬಿರುಕು ಬಿಟ್ಟದ್ದೆಲ್ಲ ಆ ಡಬ್ಬಿಗೇ. ಅದಕ್ಕೆ ಅವಳಿಟ್ಟ ಹೆಸರು ಗಾಯಾಳು ಡಬ್ಬಿ.

ಇನ್ನೊಂದು ಮಾತು ಹೇಳಬೇಕು. ಪರೀಕ್ಷಕರ ಬಾಯಲ್ಲಿ ದೆವ್ವ ಅಂದರೆ ಒಮ್ಮೆ ಕಾಣಿಸಿ ಮತ್ತೆ ಮಾಯವಾಗುವ ತಪ್ಪು. ಒಂದು ಸಲ ಕಂಡೆ ಅಂದರೆ ಪ್ರೋಗ್ರಾಂ ಬರೆಯುವವರು ನಗುತ್ತಾರೆ. ಎರಡು ಸಲ ಅಂದರೆ ಕನ್ನಡಕ ಬದಲಾಯಿಸಿ ಮೇಡಂ ಅನ್ನುತ್ತಾರೆ. ಮೂರು ಸಲ ಕರೆದು, ಮೂರು ಸಲವೂ ಬಂದರೆ ಮಾತ್ರ ಅದಕ್ಕೆ ಬೆಲೆ. ಮೂರು ಸಲ ತೋರಿಸಲಾಗದ ತಪ್ಪನ್ನು ಯಾರ ಮುಂದೆಯೂ ಎತ್ತಬಾರದು ಎನ್ನುವುದು ಈ ಕೆಲಸಕ್ಕೆ ಸೇರಿದಾಗ ಅವಳು ಕಲಿತ ಮೊದಲ ಪಾಠ. ಆ ಪಾಠ ಕಲಿಸಿದವನ ಬಾಯಿಗೆ ಮಣ್ಣು ಹಾಕ!

ಅವತ್ತು ಭಾನುವಾರ. ಮಾರನೆಯ ದಿನ ಕಟ್ಟಾಟಕ್ಕೆ ಕೊನೆಯ ಒಪ್ಪಿಗೆ ಕೊಡಬೇಕಿತ್ತು, ಹಾಗಾಗಿ ಹಲಗೆ, ಇಟ್ಟಿಗೆ, ಡಬ್ಬಿ ಎಲ್ಲ ಮನೆಗೆ ಬಂದಿದ್ದವು. ಅವಳ ತಂಗಿ ಸಿಟಿ ಬಸ್ ಓಡಿಸುವವಳು. ಭಾನುವಾರದ ಪಾಳಿ ಬಿದ್ದಾಗಲೆಲ್ಲ ನಾಲ್ಕು ವರ್ಷದ ಮಗಳನ್ನು ಅಕ್ಕನ ಮನೆಯಲ್ಲಿ ಬಿಟ್ಟುಹೋಗುವುದು ರೂಢಿ. ಆ ಮಗುವನ್ನು ಎಲ್ಲರೂ ಗಿಣಿ ಅನ್ನುತ್ತಿದ್ದರು. ಎದ್ದಾಗ ಬಾಯಿ ತೆರೆದರೆ ಮಲಗುವಾಗಲೇ ಮುಚ್ಚುವುದು. ನಿದ್ದೆಯಲ್ಲೂ ಯಾರಿಗೋ ಬುದ್ಧಿ ಹೇಳುತ್ತಿರುತ್ತಾಳೆ ಎಂದು ತಂಗಿ ನಗುತ್ತಿದ್ದಳು.

"ನೀನಿದ್ದೀಯ ಅಂತ ಧೈರ್ಯವಾಗಿ ಬಸ್ ಓಡಿಸ್ತೀನಿ ಅಕ್ಕಾ," ಎಂದು ಬಾಗಿಲಲ್ಲೇ ಹೇಳಿ ತಂಗಿ ದಡದಡ ಮೆಟ್ಟಿಲಿಳಿದು ಹೋದಳು.

ಗಿಣಿ ಮೊದಲು ಕಣ್ಣು ಹಾಕಿದ್ದು ಡಬ್ಬಿಯ ಮೇಲೆ.

"ದೊಡ್ಡಮ್ಮ, ಇದ್ರಲ್ಲೇನಿದೆ?"

"ಗಾಯ ಆಗಿರೋವು. ಮುಟ್ಬೇಡ."

"ಅವಕ್ಕೆ ನೋವಾಗತ್ತಾ?"

"ಆಗತ್ತೆ. ನೀನು ಮುಟ್ಟಿದ್ರೆ ಇನ್ನೂ ಜಾಸ್ತಿ ಆಗತ್ತೆ."

ಹಾಗೆಂದು ಡಬ್ಬಿಯನ್ನು ಮೇಜಿನ ಮೇಲೇ ಬಿಟ್ಟು ಅಡುಗೆಮನೆಗೆ ಹೋದಳು ಮಹಾರಾಯ್ತಿ! ಊರ ಮಕ್ಕಳ ಕೈಗೆ ಏನು ಸಿಗಬಾರದು ಎಂದು ದಿನವಿಡೀ ಸಾಹೇಬರ ಜೊತೆ ಜಗಳ ಆಡುವವಳಿಗೆ ತನ್ನ ಮನೆಯ ಡಬ್ಬಿಯನ್ನು ಎತ್ತಿಡಬೇಕು ಅನ್ನಿಸಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಅವಳು ಹಾಲು ಬಿಸಿ ಮಾಡುವಷ್ಟರಲ್ಲಿ ನಡುಮನೆಯಲ್ಲಿ ಏನಾಯಿತೆಂಬುದು ಅವಳಿಗೆ ತಿಳಿದದ್ದು ಆಮೇಲೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಗೊತ್ತಿದ್ದೂ ಏನೂ ಮಾಡಲಾಗದೆ ಕೂತು ನೋಡುವ ಸಂಕಟ ನಿಮಗೂ ಸ್ವಲ್ಪ ಇರಲಿ. ಗಾಯ ಆದವಕ್ಕೆ ಪಟ್ಟಿ ಕಟ್ಟಬೇಕೆಂದು ಗಿಣಿ ಡಬ್ಬಿ ತೆರೆದಳು. ಬಿರುಕು ಬಿಟ್ಟ ಒಂದು ಇಟ್ಟಿಗೆಗೆ ತನ್ನ ಕರ್ಚೀಫನ್ನು ಸುತ್ತಿದಳು. ಆಮೇಲೆ ಮುಚ್ಚಳವಿಲ್ಲದ ದೀಪವನ್ನು ಕೈಗೆತ್ತಿಕೊಂಡಳು. ಅದು ಇನ್ನೂ ಮಿಣುಕುತ್ತಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ "ಏನೇ ಅದು ಸದ್ದು?" ಎಂದು ದೊಡ್ಡಮ್ಮ ಕೂಗಿದಳು. ಡಬ್ಬಿ ಮುಚ್ಚಲು ಎರಡೂ ಕೈ ಬೇಕು. ಕೈಯಲ್ಲಿದ್ದದ್ದನ್ನು ಮಗು ಬಾಯಲ್ಲಿ ಹಾಕಿಕೊಂಡಿತು. ಹೆಜ್ಜೆ ಸಪ್ಪಳ ಹತ್ತಿರ ಬಂತು. ಹೆದರಿ ನುಂಗಿಬಿಟ್ಟಿತು.

ದೊಡ್ಡಮ್ಮ ಬಂದಾಗ ಡಬ್ಬಿ ಮುಚ್ಚಿತ್ತು. ಮಗು ಕೈ ಹಿಂದೆ ಕಟ್ಟಿಕೊಂಡು ನಿಂತಿತ್ತು. ಕಣ್ಣ ತುಂಬ ನೀರು.

"ಯಾಕೆ, ಬಿದ್ಯಾ?"

ಇಲ್ಲವೆಂದು ತಲೆಯಾಡಿಸಿತು.

"ಅಮ್ಮ ಬೇಕಾ?"

ಮತ್ತೆ ತಲೆಯಾಡಿಸಿತು. ಬ್ರೆಡ್ಡು ಕೊಟ್ಟರೆ ತಳ್ಳಿತು. ಬಲವಂತಕ್ಕೆ ಒಂದು ಗುಟುಕು ಹಾಲು ಕುಡಿಯಿತು, ಅದು ಬಾಯಿಯ ಅಂಚಿನಿಂದ ಹಾಗೇ ಹೊರಗೆ ಬಂತು. ಹಟ, ಮತ್ತೇನು ಎಂದುಕೊಂಡಳು ಅವಳು. ಗಿಣಿ ಮಾತು ನಿಲ್ಲಿಸಿತೆಂದರೆ ಅದು ಹಟವಲ್ಲ ಕಣೇ ಎಂದು ಹೇಳಲು ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ.

"ಬಾ, ಮನೆ ಕಟ್ಟೋಣ. ಮೂಡ್ ಸರಿ ಹೋಗತ್ತೆ," ಎಂದು ಹಲಗೆಯನ್ನು ನೆಲಕ್ಕಿಳಿಸಿದಳು.

ಗಿಣಿಗೆ ಮೊದಲಿನಿಂದಲೂ ಬೋರಲು ಮಲಗಿ ಆಡುವ ಅಭ್ಯಾಸ. ಹಲಗೆಯ ಆಚೆಯ ತುದಿಯಲ್ಲಿ ನಾಲ್ಕು ಗೋಡೆ, ಒಂದು ಬಾಗಿಲು ನಿಲ್ಲಿಸಿ, ಕೈ ಸೋತಂತೆ ಈಚೆಯ ಅಂಚಿನ ಮೇಲೆ ಎದೆ, ಕತ್ತು ಊರಿ ಮಲಗಿತು. ಕಿಟಕಿಯ ಪರದೆ ಎಳೆದಿತ್ತು. ಟೀವಿಯೊಳಗೆ ಕತ್ತಲೆಯ ಊರು, ಕತ್ತಲೆಯ ಮನೆ. ಎಲ್ಲೂ ದೀಪವಿಲ್ಲ. ಅವಳು ಇನ್ನೂ ದೀಪದ ಬಿಲ್ಲೆಗಳ ಪೊಟ್ಟಣವನ್ನೇ ಬಿಚ್ಚಿರಲಿಲ್ಲ.

ಆಗ ಊರಿನ ಈಚೆಯ ಅಂಚಿನಲ್ಲಿ, ಏನೂ ಕಟ್ಟದ ಬಯಲಿನಲ್ಲಿ, ದೀಪ ಹತ್ತಿಕೊಂಡಿತು.

ಅವಳು ಹಾಗೇ ನಿಂತಳು. ಊರ ಮೂಲೆ ಮೂಲೆಯಿಂದ ಪುಟ್ಟ ಜನ ಓಡಿಬಂದರು. ದೀಪದ ಸುತ್ತ ಸೇರಿ, ಒಬ್ಬೊಬ್ಬರೇ ತಲೆಯೆತ್ತಿದರು. ಈ ಕಡೆಯಿಂದ ನೋಡಿದರೆ ಅವರ ದೃಷ್ಟಿ ನೇರ ಟೀವಿಯಿಂದ ಹೊರಗೇ ಬರುತ್ತಿತ್ತು.

"ದೊಡ್ಡಮ್ಮ," ಮಗು ಪಿಸುಗುಟ್ಟಿತು. ದನಿ ಒಡೆದಿತ್ತು. "ಅವರು ನನ್ನೇ ನೋಡ್ತಿದಾರೆ."

ಮಗು ಹೆದರಿ ಎದ್ದು ಕೂತಿತು. ತಕ್ಷಣ ದೀಪ ಆರಿತು, ಜನ ಚದುರಿದರು. ಅವಳು ಹಲಗೆಯ ಮೇಲೆ ಕೈಯಾಡಿಸಿದಳು, ಕೆಳಗೆ ನೋಡಿದಳು, ಚಾಪೆ ಎತ್ತಿ ನೋಡಿದಳು. ಏನೂ ಇಲ್ಲ. ಭಯ ಆಯಿತು, ಸುಳ್ಳೇಕೆ? ಖಾಲಿ ಬಯಲಿನಲ್ಲಿ ತಾನಾಗಿ ದೀಪ ಹತ್ತಿದರೆ ಯಾರಿಗೆ ಭಯವಾಗುವುದಿಲ್ಲ? ಆದರೆ ನಾಚಿಕೆಯ ವಿಷಯವೆಂದರೆ ಆ ಭಯದ ಬೆನ್ನಿಗೇ ಖುಷಿಯೂ ಆಯಿತು. ದೆವ್ವ ಸಿಕ್ಕಿತ್ತು! ನಾಳೆ ಒಪ್ಪಿಗೆ ಕೊಡುವ ಹೊತ್ತಿಗೆ ಸಾಹೇಬರ ಮೇಜಿನ ಮೇಲೆ ಹಾಕಲು ಒಳ್ಳೆಯ ಕೊಕ್ಕೆಯೇ ಸಿಕ್ಕಿತ್ತು. ಒಂದು ಸಲ ಆಯಿತು, ಇನ್ನೆರಡು ಸಲ ಬರಬೇಕು.

"ಗಿಣಿ, ಮುಂಚೆ ಮಲಗಿದ್ಯಲ್ಲ, ಹಾಗೇ ಮಲಗು ನೋಡೋಣ."

"ಬೇಡ."

"ಒಂದೇ ಒಂದು ಸಲ. ನನ್ನ ಬಂಗಾರ ಅಲ್ವಾ?"

ಮಗು ಮಲಗಿತು. ದೀಪ ಹತ್ತಿತು. ಜನ ಓಡಿಬಂದರು. ಅವಳ ಕಣ್ಣಿಗೆ ಈಗ ಬಿದ್ದದ್ದು ಹಲಗೆಯ ಮೇಲೆ ಸುರಿದ ಜೊಲ್ಲು. ಓಹೋ, ಒದ್ದೆಯಿಂದ ಹೀಗಾಗುತ್ತಿದೆ ಎಂದು ಅವಳ ತರ್ಕ ಓಡಿತು. ಮಗುವನ್ನು ಪಕ್ಕಕ್ಕೆ ಕೂರಿಸಿ, ಬಟ್ಟೆ ತಂದು, ಹಲಗೆಯನ್ನು ಚೊಕ್ಕವಾಗಿ ಒರೆಸಿದಳು. ಮಗುವಿನ ಬಾಯಿ ಒರೆಸಲಿಲ್ಲ.

ಆಮೇಲೆ ತಾನೇ ಬೋರಲು ಮಲಗಿ ನೋಡಿದಳು. ಊರು ಕತ್ತಲಾಗಿಯೇ ಉಳಿಯಿತು. ಮಗುವಿನ ಕೂದಲಿನ ಕ್ಲಿಪ್ಪು ತೆಗೆದಳು, ಕೈಬಳೆ ತೆಗೆದಳು, ಫ್ರಾಕಿನ ಲೋಹದ ಗುಂಡಿಯ ಮೇಲೆ ಅನುಮಾನ ಬಂದು ಫ್ರಾಕನ್ನೂ ಬಿಚ್ಚಿ ತನ್ನದೊಂದು ಹಳೆಯ ಬನಿಯನ್ ತೊಡಿಸಿದಳು. ತೊಡಿಸುವಾಗ ಮೈ ಬೆಚ್ಚಗಿದೆ ಅನ್ನಿಸಿತು. ಮಗು ಕತ್ತು ಮುಟ್ಟಿಕೊಂಡು ಅವಳ ಮುಖವನ್ನೇ ನೋಡಿತು. ಏನೋ ಹೇಳಬೇಕೆಂದು ಬಾಯಿ ತೆರೆದು, ಮೇಜಿನ ಮೇಲಿನ ಡಬ್ಬಿಯತ್ತ ಕಣ್ಣು ಹೊರಳಿಸಿ, ಮತ್ತೆ ಮುಚ್ಚಿಕೊಂಡಿತು.

ಈಗ ಅವಳಿಗೆ ಬೇರೆಯದೇ ಒಂದು ಭಯ ಹುಟ್ಟಿತು. ನಾನು ಮಲಗಿದರೆ ಇಲ್ಲ, ಈ ಮಗು ಮಲಗಿದರೆ ಮಾತ್ರ ಯಾಕೆ? ಆದರೆ ಆ ಪ್ರಶ್ನೆಯನ್ನು ಹಿಡಿದು ಕೂರುವ ಬದಲು ಅವಳು ಫೋನು ಹಿಡಿದಳು.

ಫೋನಿನ ಆ ತುದಿಯಲ್ಲಿದ್ದವನು ಕಟ್ಟಾಟದ ಪ್ರೋಗ್ರಾಂ ಬರೆದವನು. ಮನೆಗೆ ಬೆಂಕಿ ಬಿದ್ದರೂ ಸಾವಕಾಶ ಅನ್ನುವ ಮನುಷ್ಯ, ಹಾಗಾಗಿ ಆಫೀಸಿನಲ್ಲಿ ಅವನ ಹೆಸರೇ ಸಾವಕಾಶ. ಆಟದಲ್ಲಿ ನಡೆಯುವುದೆಲ್ಲ ಅವನ ಕಂಪ್ಯೂಟರಿಗೂ ಹೋಗುತ್ತಿತ್ತು.

"ದೆವ್ವ ಬಂದಿದೆ ಕಣ್ರೀ. ಎರಡು ಸಲ ಕರ್ದೆ, ಎರಡು ಸಲನೂ ಬಂತು."

"ಭಾನುವಾರನೂ ಬಿಡಲ್ವಾ ನೀವು? ಸಾವಕಾಶ ಮೇಡಂ, ಕಂಪ್ಯೂಟರ್ ತೆಗೀಬೇಕು. ಹಾಂ, ಈಗ ಮೂರನೇ ಸಲ ತೋರಿಸಿ."

ಗಿಣಿ ಗೋಡೆಗೊರಗಿ ಕೂತಿತ್ತು. ಎತ್ತಿ ತಂದು ಮಲಗಿಸಿದಳು. ಮಗು ಮುಲುಗಿ ಏಳಲು ನೋಡಿತು. ಅವಳು ಅದರ ಬೆನ್ನಿನ ಮೇಲೆ ಅಂಗೈಯಿಟ್ಟು ಮೆಲ್ಲಗೆ ಒತ್ತಿ ಹಿಡಿದಳು.

"ಅಲುಗಾಡ್ಬೇಡ. ನಾನು ಹೇಳೋವರೆಗೂ ಅಲುಗಾಡ್ಬಾರ್ದು. ಜಾಣೆ ಅಲ್ವಾ?"

ಮಗು ಅಲುಗಾಡಲಿಲ್ಲ. ಕಣ್ಣಿಂದ ನೀರು, ಬಾಯಿಂದ ಜೊಲ್ಲು ಇಳಿಯುತ್ತಿದ್ದರೂ ಅದು ಹಲಗೆಗೆ ಕೆನ್ನೆಯೊತ್ತಿ ಹಾಗೇ ಮಲಗಿತ್ತು. ಟೀವಿಯಲ್ಲಿ ದೀಪ ಉರಿಯಿತು. ಸಾವಕಾಶ ತನ್ನ ಹೆಸರಿಗೆ ತಕ್ಕಂತೆ ಅದೂ ಇದೂ ತೆಗೆದು ನೋಡಿದ. ಅವಳು ಮಗುವಿನ ಬೆನ್ನಿನಿಂದ ಕೈ ತೆಗೆಯಲಿಲ್ಲ.

"ದೆವ್ವ ಅಲ್ಲ ಮೇಡಂ ಇದು," ಎಂದ ಕೊನೆಗೆ. "ನೀವು ದೀಪ ಇಟ್ಟಿದೀರಲ್ಲ."

"ಇಟ್ಟಿಲ್ಲ ಅಂತ ಬಡ್ಕೊಳ್ತಿದೀನಲ್ರೀ!"

"ನಂಗಿಲ್ಲಿ ಕಾಣ್ತಿದೆ. ಒಂದೊಂದು ಬಿಲ್ಲೆಗೂ ಬೇರೆ ನಂಬರ್ ಇರತ್ತಲ್ಲ. ಇದು ಮುಚ್ಚಳ ಕಿತ್ತಿದೆ ಅಂತ ಮೊನ್ನೆ ನೀವೇ ಗುರುತು ಹಾಕಿದ ಬಿಲ್ಲೆ. ಹಲಗೆ ಸುಳ್ಳು ಹೇಳಲ್ಲ. ಅಲ್ಲೇ ಎಲ್ಲೋ ಇದೆ, ಎರಡು ಬೆರಳಿನ ದೂರದಲ್ಲಿ. ಸರಿಯಾಗಿ ನೋಡಿ."

ಎದ್ದು ಹೋಗಿ ಡಬ್ಬಿ ತೆರೆದಳು. ಬಿಲ್ಲೆಯ ಮುಚ್ಚಳವಿತ್ತು, ಬಿಲ್ಲೆ ಇರಲಿಲ್ಲ. ಬಿರುಕು ಬಿಟ್ಟ ಇಟ್ಟಿಗೆಯೊಂದಕ್ಕೆ ಗಿಣಿಯ ಹಳದಿ ಕರ್ಚೀಫು ಪಟ್ಟಿಯ ಹಾಗೆ ಸುತ್ತಿತ್ತು, ಮಕ್ಕಳು ಹಾಕುವಂಥ ಸಡಿಲ ಗಂಟು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಇವಳು ಆ ಕೂಸನ್ನೇ ಒತ್ತಿ ಹಿಡಿದು ಹುಡುಕಿದ್ದಳು. ಫೋನು ಎಲ್ಲಿ ಬಿತ್ತೋ, ಸಾವಕಾಶ ಅದರೊಳಗಿಂದ ಹಲೋ ಹಲೋ ಅನ್ನುತ್ತಲೇ ಇದ್ದ.

ಮಗುವನ್ನು ಅಂಗಾತ ಮಲಗಿಸಿದಳು. ಇಟ್ಟಿಗೆಗಳನ್ನು ಕೊಡವಿ ಹಲಗೆಯನ್ನು ಎತ್ತಿಕೊಂಡಳು. ಮೊದಲು ಹೊಟ್ಟೆಯ ಮೇಲಿಟ್ಟಳು. ಟೀವಿ ಕತ್ತಲು. ದೇವರೇ, ಕತ್ತಲಾಗಿಯೇ ಇರಲಿ. ಮೇಲಕ್ಕೆ ಸರಿಸಿದಳು. ಎದೆಯ ಮೇಲೂ ಕತ್ತಲು. ಇರಲಿ, ಹೀಗೇ ಇರಲಿ. ಇನ್ನೂ ಮೇಲಕ್ಕೆ, ಕತ್ತಿನ ಕೆಳಗಿನ ಗುಳಿಯ ಹತ್ತಿರ ತಂದಳು.

ದೀಪ ಹತ್ತಿತು. ಪುಟ್ಟ ಜನ ಅದರತ್ತ ಓಡತೊಡಗಿದರು.

"ಗಿಣೀ, ನುಂಗಿದ್ಯಾ? ಡಬ್ಬೀಲಿದ್ದದ್ದು ನುಂಗಿದ್ಯಾ?"

ಮಗು ಹೌದೆಂದು ತಲೆಯಾಡಿಸಿತು. "ಬಯ್ಬೇಡ," ಎಂದಿತು. ಆ ಒಂದು ಮಾತು ಹೊರಗೆ ಬರುವಷ್ಟರಲ್ಲಿ ಅದರ ಮುಖ ಕಿವಿಚಿಕೊಂಡಿತು.

ಚಪ್ಪಲಿ ಹಾಕಿಕೊಳ್ಳದೆ ಮೆಟ್ಟಿಲಿಳಿದಳು. ಟ್ಯಾಕ್ಸಿಯವನಿಗೆ ಅವಳ ಮುಖ ನೋಡಿಯೇ ಸಾಕಾಯಿತು, ಏನೂ ಕೇಳಲಿಲ್ಲ. ದಾರಿಯುದ್ದಕ್ಕೂ ಒಂದೇ ಯೋಚನೆ: ಸೆಲ್ಲಿಗೆ ಒದ್ದೆ ತಗುಲಿದರೆ ಏನಾಗುತ್ತದೆಂದು ಅವಳಿಗೆ ಗೊತ್ತು. ಆಫೀಸಿನಲ್ಲಿ ಹಸಿ ಮಾಂಸದ ತುಂಡಿನ ಮೇಲೆ ಅಂಥದೇ ಸೆಲ್ಲನ್ನಿಟ್ಟು ಅವಳೇ ಪರೀಕ್ಷೆ ಮಾಡಿದ್ದಳು. ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ಮಾಂಸ ಕಪ್ಪಾಗಿತ್ತು. ಎಲ್ಲರನ್ನೂ ಕರೆದು ತೋರಿಸಿದ್ದಳು, ನೋಡಿ, ನಾನು ಹೇಳಲಿಲ್ಲವಾ ಎಂದು.

ಆಸ್ಪತ್ರೆಯ ಡಾಕ್ಟರಮ್ಮ ಮಗುವಿನ ಬಾಯಿ ನೋಡುತ್ತಲೇ ಕೇಳಿದರು. "ಏನು ನುಂಗಿದಾಳೆ?"

"ಸೆಲ್ಲಿರೋ ಬಿಲ್ಲೆ. ಇಷ್ಟಗಲ. ಮುಚ್ಚಳ ಇಲ್ಲ. ಇಲ್ಲಿ ಸಿಕ್ಕೊಂಡಿದೆ," ಎಂದು ಮಗುವಿನ ಕತ್ತಿನ ಗುಳಿ ತೋರಿಸಿದಳು.

"ಅಷ್ಟು ಖಚಿತವಾಗಿ ಹೇಗೆ ಹೇಳ್ತೀರ?"

"ಗೊತ್ತು. ಆಟದ ಹಲಗೆ ಇಟ್ಟು ನೋಡಿದೆ."

"ನುಂಗಿದ್ದು ಯಾವಾಗ?"

"ಮಧ್ಯಾಹ್ನ. ಊಟಕ್ಕೆ ಮುಂಚೆ."

ಡಾಕ್ಟರಮ್ಮ ಗೋಡೆಯ ಗಡಿಯಾರ ನೋಡಿದರು. ಅವಳನ್ನು ನೋಡಲಿಲ್ಲ. "ಅದು ಸುಮ್ನೆ ಕೂತಿರಲ್ಲ ಕಣ್ರೀ, ಸುಡ್ತಾ ಇರತ್ತೆ," ಎಂದವರೇ ಮಗುವನ್ನು ಎತ್ತಿಕೊಂಡು ಒಳಗೆ ಓಡಿದರು. ಬಾಗಿಲು ಮುಚ್ಚಿತು.

ಬೆಂಚಿನ ಮೇಲೆ ಕೂತವಳಿಗೆ ಕೂರಲಾಗಲಿಲ್ಲ, ನಿಂತರೆ ನಿಲ್ಲಲಾಗಲಿಲ್ಲ. ಒಳಗಿನಿಂದ ಅಳು ಕೇಳಿಸುತ್ತದೆಯೋ ಎಂದು ಬಾಗಿಲಿಗೆ ಕಿವಿಗೊಟ್ಟಳು. ಅತ್ತಿದ್ದರೆ ಎಷ್ಟು ಚೆನ್ನಾಗಿತ್ತು! ಆ ಮಗು ಅಳಲಿ, ಬಯ್ಯಲಿ, ಇಡೀ ಆಸ್ಪತ್ರೆಗೆ ಕೇಳುವಂತೆ ಕಿರುಚಲಿ. ಏನೂ ಕೇಳಿಸಲಿಲ್ಲ. ಅವಳ ಬಲ ಅಂಗೈಯಲ್ಲಿ ಇನ್ನೂ ಆ ಪುಟ್ಟ ಬೆನ್ನಿನ ಬಿಸಿ ಇತ್ತು. ಅದನ್ನು ಸೀರೆಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

ಆಸ್ಪತ್ರೆಯವರ ಫೋನು ಹೋಗಿ, ತಂಗಿ ಡ್ರೈವರ್ ಸಮವಸ್ತ್ರದಲ್ಲೇ ಓಡಿಬಂದಳು. ಬಸ್ಸನ್ನು ಯಾರಿಗೋ ಒಪ್ಪಿಸಿ ಬಂದಿದ್ದಳು. ಬಂದವಳು ಅಕ್ಕನನ್ನು ಬಯ್ಯುತ್ತಾಳೆಂದುಕೊಂಡರೆ ತಬ್ಬಿಕೊಂಡು ಅತ್ತಳು. ಆಚೆ ನಿಂತಿದ್ದ ನರ್ಸಮ್ಮ, ಅದೇನೋ ಆಟದ ಹಲಗೆಯಿಟ್ಟು ಎಲ್ಲಿ ಸಿಕ್ಕಿಕೊಂಡಿದೆ ಅಂತ ಕಂಡುಹಿಡಿದರಂತಲ್ಲ ಎಂದಾಗ ತಂಗಿ ಅವಳ ಕೈ ಹಿಡಿದುಕೊಂಡಳು.

"ಬೇರೆ ಯಾರಾಗಿದ್ರೂ ಗೊತ್ತೇ ಆಗ್ತಿರ್ಲಿಲ್ಲ ಅಕ್ಕಾ. ನೀನಿದ್ದದ್ದಕ್ಕೆ ಗೊತ್ತಾಯ್ತು."

ಹೇಳಬೇಕಿತ್ತು. ಆಗಲೇ ಹೇಳಬೇಕಿತ್ತು. ಊರೆಲ್ಲರ ತಪ್ಪನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ತಿರುಗುವವಳ ಬಾಯಿಗೆ ಬೀಗ ಬಿತ್ತು. ತಂಗಿ ಕೈ ಬಿಡಲಿಲ್ಲ. ಇವಳು ಬಿಡಿಸಿಕೊಳ್ಳಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಡಾಕ್ಟರಮ್ಮ ಹೊರಬಂದರು. ಕೈಯಲ್ಲೊಂದು ಸ್ಟೀಲ್ ಬಟ್ಟಲು. ಅದರಲ್ಲಿ ಬಿಲ್ಲೆ, ಅಂಚೆಲ್ಲ ಕಪ್ಪು ಕಟ್ಟಿತ್ತು.

"ತೆಗೆದಿದೀವಿ. ಅನ್ನನಾಳ ಸುಟ್ಟಿದೆ. ತೂತಾಗಿರೋ ಹಾಗೆ ಕಾಣ್ತಿಲ್ಲ, ಆದ್ರೆ ಇನ್ನೂ ಕೆಲವು ದಿನ ಭಯ ಇದ್ದೇ ಇರತ್ತೆ. ಊಟ, ಮಾತು ಮುಂಚಿನ ಹಾಗಾಗತ್ತೋ ಇಲ್ವೋ ಈಗ್ಲೇ ಹೇಳಕ್ಕಾಗಲ್ಲ. ಇನ್ನೊಂದು ಸ್ವಲ್ಪ ಮುಂಚೆ ಬಂದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು. "ಇರಲಿ. ಒಬ್ಬೊಬ್ರೇ ಅಲ್ಲ, ಇಬ್ರೂ ಬನ್ನಿ. ಎಚ್ಚರ ಆಗಿದೆ."

ಒಳಗೆ ಗಿಣಿ ಹಾಸಿಗೆಯ ಮೇಲೆ ನೆಟ್ಟಗೆ ಮಲಗಿತ್ತು. ಮೂಗಿಗೊಂದು ನಳಿಕೆ, ಕೈಗೊಂದು ನಳಿಕೆ. ಇನ್ನೊಂದು ಕೈಯನ್ನು ಮೈಗೆ ಅಂಟಿಸಿಕೊಂಡಿತ್ತು. ಕಣ್ಣು ಮಾತ್ರ ತೆರೆದಿತ್ತು.

"ಎಷ್ಟು ಒಳ್ಳೆ ಮಗು," ಎಂದರು ಅಲ್ಲಿದ್ದ ನರ್ಸಮ್ಮ. "ಬೇರೆ ಮಕ್ಳು ಕೈಕಾಲು ಬಡೀತಾರೆ. ಇವಳು ಎಚ್ಚರ ಆದಾಗಿಂದ ಒಂದಿಷ್ಟೂ ಅಲುಗಿಲ್ಲ ನೋಡಿ."

ತಂಗಿ ಅಕ್ಕನ ಕೈ ಬಿಡದೆಯೇ ಬಗ್ಗಿ ಮಗಳ ಹಣೆಗೆ ಮುತ್ತಿಟ್ಟಳು. ಮಗು ಅಮ್ಮನನ್ನು ನೋಡಿತು. ಆಮೇಲೆ ಅಮ್ಮನ ಹಿಂದೆ ನಿಂತಿದ್ದವಳತ್ತ ಕಣ್ಣು ಹೊರಳಿಸಿತು. ತುಟಿ ಅಲುಗಿತು. ದನಿಯಿಲ್ಲ, ಬರೀ ಗಾಳಿ.

"ದೊಡ್ಡಮ್ಮ... ಈಗ ಅಲುಗಾಡ್ಬಹುದಾ?"

"ಅಲುಗಾಡ್ಬೇಡ ಅಂತ ಯಾರಮ್ಮ ಹೇಳಿದ್ದು ನಿಂಗೆ?" ಎಂದು ತಂಗಿ ಕಣ್ಣೀರಿನಲ್ಲೇ ನಕ್ಕಳು.

ಮಗು ಅಪ್ಪಣೆಗಾಗಿ ದೊಡ್ಡಮ್ಮನ ಮುಖವನ್ನೇ ನೋಡುತ್ತಿತ್ತು.

"ಅಲುಗಾಡು ಕಂದಾ," ಎಂದಳು ಅವಳು. ಆಮೇಲೆ ತಂಗಿಯ ಕಡೆ ತಿರುಗಿದಳು. "ನಾನು ಹೇಳಿದ್ದು. ಮಧ್ಯಾಹ್ನದಿಂದ ಮೂರು ಸಲ ಹಲಗೆ ಮೇಲೆ ಮಲಗಿಸಿದೆ. ದೀಪ ಮೂರು ಸಲನೂ ಹತ್ತಿತು. ಮೂರನೇ ಸಲ ಇವಳು ಏಳಕ್ಕೆ ನೋಡಿದ್ಲು, ನಾನು ಬೆನ್ನು ಒತ್ತಿ ಹಿಡ್ಕೊಂಡೆ."

ತಂಗಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, ಅಲ್ಲಿಯವರೆಗೂ ಹಿಡಿದುಕೊಂಡೇ ಇದ್ದ ಅಕ್ಕನ ಕೈಯನ್ನು ಬಿಟ್ಟಳು.